ಮಡಿಯಲ್ಲಿಟ್ಟ ಜಾಹೀರಾತು

ಜಗಳವಾಡಿ ಬೇರೆಯಾದ ಗಂಡ ಹೆಂಡತಿ ಓಣಿಯವರಿಗೆ ಬೇಗ ಅರ್ಥವಾಗುತ್ತಾರೆ. ಜಗಳವೇ ಇಲ್ಲದೆ ಒಬ್ಬೊಬ್ಬರು ಒಂದೊಂದು ಊರು ಹಿಡಿದು ಕೂತರೆ ಮಾತ್ರ ಯಾರಿಗೂ ನಂಬಿಕೆ ಬರುವುದಿಲ್ಲ. ಅಲಕಾಬಾಯಿಯವರ ಮಗ ಉತ್ಕರ್ಷ ಅವರ ಜೊತೆ ಸಂಭಾಜಿನಗರದಲ್ಲಿದ್ದ, ಸೊಸೆ ರುಚಿತಾ ಐದು ವರ್ಷದ ಮಗಳು ಪ್ರಾಚಿಯನ್ನು ಕಟ್ಟಿಕೊಂಡು ನಾಶಿಕದ ತವರಿನಲ್ಲಿದ್ದಳು. ಕೆಳಗಿನ ಮನೆಯ ಕಮಲಾಬಾಯಿ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ, ಸೊಸೆ ಇನ್ನೂ ತವರಿನಲ್ಲೇ ಇದ್ದಾಳೆಯೇ ಎಂದು ಮರಾಠಿಯಲ್ಲಿ ಕೇಳುವರು, ಕೇಳಿ ಉತ್ತರಕ್ಕೆ ಕಾಯದೆ ಒಂದು ನಿಟ್ಟುಸಿರು ಬಿಡುವರು. ಅಲಕಾಬಾಯಿಗೆ ಪ್ರಶ್ನೆಗಿಂತ ಆ ನಿಟ್ಟುಸಿರೇ ಹೆಚ್ಚು ಚುಚ್ಚುತ್ತಿತ್ತು.

ಇದ್ದ ಸಂಗತಿ ಇಷ್ಟೇ. ರುಚಿತಾ ನಾಶಿಕದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣು ತಪಾಸಣೆ ಮಾಡುವ ಕೆಲಸದಲ್ಲಿದ್ದಳು. ಕಾಯಂ ನೌಕರಿ, ಮನಸಾರೆ ಇಷ್ಟಪಟ್ಟು ಮಾಡುವ ನೌಕರಿ. ಉತ್ಕರ್ಷ ಊರ ಹೊರಗಿನ ಶೇಂದ್ರಾದ ಬಣ್ಣದ ಕಾರ್ಖಾನೆಯ ನೌಕರಿ ಬಿಟ್ಟು, ಸೋರುವ ಮಾಳಿಗೆಗಳನ್ನು ಸೋರದಂತೆ ಮಾಡಿಕೊಡುವ ಸ್ವಂತ ಧಂದೆ ಶುರುಮಾಡಿದ್ದ. ಗಿರಾಕಿಗಳೆಲ್ಲ ಸಂಭಾಜಿನಗರದವರು. ಆದರೆ ಮಳೆ ಹೆಚ್ಚು, ಸೋರುವ ಮನೆಗಳೂ ಹೆಚ್ಚು ಇರುವುದು ನಾಶಿಕದಲ್ಲಿ. ಅಲ್ಲಿ ಕೆಲಸ ಕುದುರಿದರೆ ಗಂಡ, ಹೆಂಡತಿ, ಮಗಳು ಒಂದೇ ಮನೆಯಲ್ಲಿ ಉಣ್ಣಬಹುದಿತ್ತು. ಕುದುರದಿದ್ದರೆ ದಸರಾ ಆದಮೇಲೆ ಉತ್ಕರ್ಷ ಧಂದೆ ಮುಚ್ಚಿ ಶೇಂದ್ರಾಕ್ಕೆ ತಿರುಗಿ ಹೋಗುವುದು, ರುಚಿತಾ ನೌಕರಿ ಬಿಟ್ಟು ಇಲ್ಲಿಗೆ ಬರುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಒಂದಾಗಲು ಇಬ್ಬರೂ ತಮ್ಮ ಪ್ರೀತಿಯದೊಂದನ್ನು ಬಿಡಬೇಕು. ಅದನ್ನು ನೆನೆದಾಗಲೆಲ್ಲ ಅಲಕಾಬಾಯಿ ಕೈಯಲ್ಲಿದ್ದ ಕೆಲಸ ಮರೆಯುತ್ತಿದ್ದರು.

ನಾಶಿಕದಲ್ಲಿ ಉತ್ಕರ್ಷನನ್ನು ಬಲ್ಲವರಿರಲಿಲ್ಲ. ಆದ್ದರಿಂದ ಫೋನಿನಲ್ಲಿ ಜಾಹೀರಾತು ಕೊಡುವುದೆಂದಾಯಿತು. ಅದಕ್ಕೆ ಎಷ್ಟು ರೊಕ್ಕ ಸುರಿಯಬೇಕು ಎನ್ನುವಲ್ಲಿ ಮನೆ ಎರಡಾಯಿತು.

ಆಷಾಢದ ಒಂದು ರವಿವಾರ. ಹಿಂದಿನ ದಿನದ ರೈಲಿಗೆ ಮನ್ಮಾಡ್ ಮೇಲೆ ಹಾಯ್ದು ರುಚಿತಾ, ಪ್ರಾಚಿ ಬಂದಿದ್ದರು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಅಲಕಾಬಾಯಿಯ ಗಂಡ ನರಹರಿರಾಯರು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಮಗನ ಮಾತು ಕೇಳಿ ಅವರ ಕೈ ತಾಟಿನಲ್ಲೇ ನಿಂತಿತು.

"ದಿನಕ್ಕ ಐದುನೂರು? ಯಾರಿಗೆ?"

"ಜಾಹೀರಾತಿನ ಕಂಪನಿಗೆ, ಅಪ್ಪಾ. ನಾಶಿಕನ್ಯಾಗ ಯಾರರೆ ಫೋನಿನ್ಯಾಗ ಮಾಳಿಗಿ ಸೋರ್ತದ ಅಂತ ಹುಡುಕಿದ್ರ ಎಲ್ಲಾರಕಿಂತ ಮ್ಯಾಲೆ ನನ್ನ ಹೆಸರು ಬರ್ತದ. ಇಲ್ಲೂ ಬರ್ತದ."

"ಬಂದು?"

"ಬಂದಮ್ಯಾಲೆ ಒತ್ತತಾರ. ನನ್ನ ಕೆಲಸಾ ನೋಡತಾರ. ಫೋನ್ ಮಾಡ್ತಾರ."

"ಮಾಡ್ಲಿಲ್ಲಂದ್ರ?"

"ಎಲ್ಲಾರೂ ಮಾಡಂಗಿಲ್ಲರಿ."

"ಅಂದ್ರ ಗಿರಾಕಿ ಬರಲಿ ಬಿಡಲಿ, ರೊಕ್ಕಂತೂ ಹೋಗ್ತದ. ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಇಂಥಾದ್ದಕ್ಕ ನಾ ಒಂದು ಪೈ ಮಂಜೂರ್ ಮಾಡ್ತಿದ್ದಿಲ್ಲ."

ರುಚಿತಾ ಮಗಳ ಬಾಯಿಗೆ ತುತ್ತಿಡುತ್ತ ಹೇಳಿದಳು, "ಮಾವಾ, ಅದರ ಹಿಶೇಬ ಬ್ಯಾರೆ ಇರ್ತದ. ಪ್ರತಿ ಸಲ ಯಾರರೆ ಒತ್ತಿದಾಗ..."

"ನನಗ ಹೇಳಬ್ಯಾಡವಾ. ಪಗಾರ ನಿಂದು, ಗಂಡ ನಿನ್ನವ." ರಾಯರು ಎದ್ದು ಕೈತೊಳೆಯಲು ಹೋದರು. ಅಲಕಾಬಾಯಿ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದೆಯೆಂದು ಒಲೆಯ ಕಡೆ ತಿರುಗಿದರು. ಸೊಸೆಯ ಮಾತು ಅರ್ಧಕ್ಕೇ ಉಳಿಯಿತು. ಅದೊಂದು ಮಾತು ಪೂರ್ತಿಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ರೊಟ್ಟಿಯ ಹೊತ್ತಿಗೆ ಶುರುವಾದ ಮಾತು ಮಜ್ಜಿಗೆಯ ತನಕ ಬಾಳುವುದು ಕಡಿಮೆ.

ನರಹರಿರಾಯರ ಸಿಟ್ಟು ಹಾಲಿನ ಉಕ್ಕು. ಆ ವಾರ ಮುಗಿಯುವುದರೊಳಗೆ ಇಳಿದುಹೋಯಿತು. ಒಂದು ಮಧ್ಯಾಹ್ನ ಅಲಕಾಬಾಯಿ ಮೆಂತ್ಯಪಲ್ಯ ಸೋಸುತ್ತ ಕೂತಾಗ ಬಂದು ಎದುರಿಗೆ ಕೂತರು.

"ಅಲಕಾ, ನಿನ್ನ ಫೋನ್ ಕೊಡಿಲ್ಲೆ."

"ಯಾಕ್ರಿ?"

"ಕೊಡು ಅಂದ್ರ ಕೊಡು." ಕನ್ನಡಕ ಹಣೆಗೇರಿಸಿ ಅದರಲ್ಲೇನೋ ಬರೆದರು. ಮಗನ ಹೆಸರು ಎಲ್ಲರಿಗಿಂತ ಮೇಲೆ ಬಂತು. "ಇಲ್ಲೆ ಒತ್ತು. ದಿನಾ ಬೆಳಿಗ್ಗೆ ಒಂದು ಸಲ. ಮಂದಿ ಎಷ್ಟು ಒತ್ತತಾರೋ ಅಷ್ಟು ಮ್ಯಾಲೆ ಬರ್ತದಂತ. ನಮ್ಮ ಬ್ಯಾಂಕಿನ ಮಧುಕರ ಹೇಳಿದ. ಅವನ ಮೊಮ್ಮಗಳ ಹಾಡು ಹಂಗೇ ಮ್ಯಾಲೆ ಬಂತಂತ."

"ಒಂದು ಪೈ ಮಂಜೂರ್ ಮಾಡಂಗಿಲ್ಲ ಅಂದಿದ್ರಿ?"

"ರೊಕ್ಕಾ ಮಂಜೂರ್ ಮಾಡಂಗಿಲ್ಲ ಅಂದೆ. ಬೆರಳು ಮಂಜೂರ್ ಮಾಡ್ಲಿಕ್ಕೆ ಏನು ಧಾಡಿ?" ರಾಯರು ಎದ್ದರು. ಬಾಗಿಲ ತನಕ ಹೋಗಿ ತಿರುಗಿ, "ಅವಗ ಹೇಳಬ್ಯಾಡ," ಎಂದರು.

ಇದು ಬ್ಯಾಂಕಿನವರ ಹಳೆಯ ಚಟ. ಮಾರ್ಚ್ ಬಂತೆಂದರೆ ಯಾವುದಾದರೂ ಶಾಖೆಯ ಠೇವಣಿ ಗುರಿ ಮುಟ್ಟಿಲ್ಲವೆಂದು ಗೊತ್ತಾದ ಕೂಡಲೇ ಉಳಿದ ಶಾಖೆಯವರೆಲ್ಲ ತಮ್ಮ ಅತ್ತೆ ಮಾವ, ಷಡ್ಡಕರನ್ನೂ ಬಿಡದೆ ಅಲ್ಲಿ ಖಾತೆ ತೆಗೆಸಿ ಲೆಕ್ಕ ತುಂಬಿಸಿ ಕೊಡುತ್ತಿದ್ದರು. ಏಪ್ರಿಲ್ ಬಂದಮೇಲೆ ಆ ದುಡ್ಡು ಅಲ್ಲಿರುತ್ತಿತ್ತೋ ಇಲ್ಲವೋ, ಆದರೆ ಗೆಳೆಯನ ಮಾನ ಉಳಿಯುತ್ತಿತ್ತು. ಬಾಗಲಕೋಟೆ, ವಿಜಯಪುರದ ಕಡೆಯಿಂದ ವರ್ಗವಾಗಿ ಬಂದು ಈ ಕಡೆಯೇ ಬೇರೂರಿದ ಅವರೆಲ್ಲ ಈಗ ನಿವೃತ್ತರು. ಅವರದೊಂದು ವಾಟ್ಸಾಪ್ ಬಳಗ, ಅರ್ಧ ಜನ ಸಂಭಾಜಿನಗರದಲ್ಲಿ, ಅರ್ಧ ಜನ ನಾಶಿಕದಲ್ಲಿ. ನರಹರಿಯ ಮಗ ನಾಶಿಕದಲ್ಲಿ ಕಾಲೂರಲು ಹೆಣಗುತ್ತಿದ್ದಾನೆಂದು ತಿಳಿದದ್ದೇ ತಡ, ಬಳಗಕ್ಕೆ ಮತ್ತೆ ಮಾರ್ಚ್ ತಿಂಗಳು ಬಂದಂತಾಯಿತು. ನಾಶಿಕದ ಜವಾಬ್ದಾರಿಯನ್ನು ಮಧುಕರರಾಯರು ತಾವಾಗಿ ಹೊತ್ತರು. ಬೆಳಗಿನ ವಾಕಿಂಗ್ ಮುಗಿಯುತ್ತಲೇ ಬಳಗದಲ್ಲಿ ಒಬ್ಬೊಬ್ಬರೂ ಕೈಮುಗಿದ ಚಿತ್ರ ಹಾಕಿ ವರದಿ ಒಪ್ಪಿಸುವರು. ಒತ್ತಿದ್ದಾಯಿತು.

ಅಲಕಾಬಾಯಿಗೂ ಅದು ಪೂಜೆಯ ಕೊನೆಯ ಭಾಗವಾಯಿತು. ಹೂವೇರಿಸಿ, ತುಪ್ಪದ ದೀಪ ಹಚ್ಚಿ, ಆರತಿಯಾದ ಮೇಲೆ ಕನ್ನಡಕ ಹಾಕಿಕೊಂಡು ಫೋನು ತೆಗೆಯುವರು. ಮಗನ ಹೆಸರನ್ನು ಒತ್ತುವರು. ಯಾವುದೋ ಮಾಳಿಗೆಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಉತ್ಕರ್ಷನ ಫೋಟೋ ತೆರೆದುಕೊಳ್ಳುವುದು. ಅದಕ್ಕೊಂದು ಸಲ ಕೈಮುಗಿದು ಏಳುವರು. ಕೇಳುವುದೇನು? ಮಗ ಹೆಂಡತಿ ಮಗಳ ಹತ್ತಿರ ಹೋಗಲಿ ಎಂದು. ಹೋದರೆ ಈ ಮನೆಯಲ್ಲಿ ಬೆಳಗಿನ ಅವನ ಗಡಿಬಿಡಿ, ಸಂಜೆ ಬಂದು ಸಿಮೆಂಟಿನ ಕೈಯಲ್ಲೇ ಚುರಮುರಿ ಡಬ್ಬಿಗೆ ಕೈಹಾಕುವುದು, ಬೈಸಿಕೊಳ್ಳುವುದು, ಯಾವುದೂ ಇರುವುದಿಲ್ಲ. ಹೆತ್ತ ಕರುಳಿಗೆ ಲಾಭ ನಷ್ಟ ತಿಳಿಯದು ಎನ್ನುತ್ತಾರೆ. ಸುಳ್ಳು, ಚೆನ್ನಾಗಿ ತಿಳಿಯುತ್ತದೆ. ಅಲಕಾಬಾಯಿ ತಿಳಿದೇ ಒತ್ತುತ್ತಿದ್ದರು.

ಶ್ರಾವಣ ಬಂತು. ಉತ್ಕರ್ಷನ ಮುಖ ಸಣ್ಣದಾಗುತ್ತ ಬಂತು.

"ಏನಾತೋ?" ಅವಲಕ್ಕಿ ತಾಟು ಇಡುತ್ತ ಅಲಕಾಬಾಯಿ ಕೇಳಿದರು.

"ತಿಳೀವಲ್ದವಾ. ಮಂದಿ ಭಾಳ ಬಂದು ನೋಡ್ತಾರ, ರಗಡ ಒತ್ತತಾರ. ಫೋನ್ ಮಾತ್ರ ಯಾರೂ ಮಾಡಂಗಿಲ್ಲ. ನನ್ನ ಫೋಟೋ ಛಲೋ ಇಲ್ಲೇನು?"

"ರಾಜನಂಗ ಇದ್ದಿ. ಮಂದಿ ಭಾಳ ನೋಡ್ತಾರಲ್ಲ, ಅದು ಛಲೋನೇ ಅಲ್ಲ?"

"ಹೌದು, ಬ್ಯಾಡಾಗಿದ್ರ ಯಾಕ ನೋಡ್ತಾರ? ಇನ್ನಷ್ಟು ರೊಕ್ಕ ಹಾಕಿದ್ರ ಫೋನ್ ಬರಬಹುದು."

ಐದುನೂರು ಎಂಟುನೂರಾಯಿತು. ರುಚಿತಾ ಪ್ರಾಚಿಯ ಸ್ಕೂಲ್ ವ್ಯಾನ್ ಬಿಡಿಸಿ ಮಳೆಯಲ್ಲಿ ತಾನೇ ಸ್ಕೂಟರ್ ಮೇಲೆ ಬಿಟ್ಟು ಬರತೊಡಗಿದಳು. ಅಲಕಾಬಾಯಿ ಮುಸುರೆ ತಿಕ್ಕುವವಳನ್ನು ಬಿಡಿಸಿ, ಕೈಗೆ ವ್ಯಾಯಾಮ ಬೇಕು ಎಂದು ನೆಪ ಹೇಳಿದರು. ಅತ್ತ ಬಳಗದಲ್ಲಿ ಬೇರೊಂದು ಗದ್ದಲ. ತಡವಾಗಿ ಏಳುವ ಕೆಲವರು, ಒಂಬತ್ತಕ್ಕೆ ಹುಡುಕಿದರೆ ಹುಡುಗನ ಹೆಸರೇ ಕಾಣುವುದಿಲ್ಲ ಎಂದು ದೂರಿದರು. ಮಧುಕರರಾಯರು ಆದೇಶ ಹೊರಡಿಸಿದರು. "ಏಳರೊಳಗ ಒತ್ತೋದು. ಆಮ್ಯಾಲೆ ಸಿಗೂದಿಲ್ಲ." ನಿವೃತ್ತರಾದ ಮೇಲೆ ಮೊದಲ ಸಲ ಎಷ್ಟೋ ಜನ ಗಡಿಯಾರಕ್ಕೆ ಗಂಟೆ ಇಟ್ಟು ಮಲಗಿದರು.

ಗಣಪತಿ ಹಬ್ಬ ಹತ್ತಿರ ಬಂದಾಗ ಮೋದಕದ ಹಿಟ್ಟು ಕುದಿಸುತ್ತಿದ್ದ ಅಲಕಾಬಾಯಿಯ ಕಿವಿಗೆ ಹೊರಕೋಣೆಯಿಂದ ಮಗ ಫೋನಿನಲ್ಲಿ ಮಾತಾಡುವುದು ಬಿತ್ತು. ಸೊಸೆಯ ದನಿಯೂ ಕೇಳುವಷ್ಟು ಗಟ್ಟಿಯಾಗಿತ್ತು.

"ಇದೊಂದು ತಿಂಗಳು ಸಾವಿರದ ಮ್ಯಾಲೆ ಹಾಕೋಣು, ರುಚಿ."

"ಎಲ್ಲಿಂದ ತರಲಿ? ನಾ ಎಟಿಎಂ ಆಹೇ ಕಾ? ಇಷ್ಟು ಮಂದಿ ಬಂದು ಯಾಕ ಹೊಳ್ಳಿ ಹೋಗ್ತಾರ ಅಂತ ಮೊದಲ ಹುಡುಕು."

"ಎಲ್ಲಾ ನೋಡೀನಿ. ಏನೂ ಸಿಗವಲ್ದು."

"ಮಂದಿ ಮಾಳಿಗಿ ಎಲ್ಲಿ ಸೋರ್ತದ ಅಂತ ಹುಡುಕ್ತಿ, ನಮ್ಮದು ಎಲ್ಲಿ ಸೋರ್ತದ ಅಂತ ಸಿಗವಲ್ದಾ?"

ಆಮೇಲೆ ಉತ್ಕರ್ಷ ತಗ್ಗಿದ ದನಿಯಲ್ಲಿ, ಶೇಂದ್ರಾದವರು ಕರೆದಿದ್ದಾರೆ, ದಸರಾ ಆದಮೇಲೆ ಬರುತ್ತೇನೆ ಎಂದು ಹೇಳಿಬಿಡುತ್ತೇನೆ ಎಂದ. ಅವಳು ತಾನೂ ರಾಜೀನಾಮೆ ಬರೆದಿಟ್ಟಿದ್ದೇನೆ, ಕೊಡುವುದಕ್ಕೆ ಕೈ ಬರುತ್ತಿಲ್ಲ ಎಂದಳು.

ಅಲಕಾಬಾಯಿ ಕಣ್ಣೊರೆಸಿಕೊಂಡು ಹೋಗಿ ಗಂಡನಿಗೆ ಹೇಳಿದರು. ಮರುದಿನ ನರಹರಿರಾಯರು ಬಳಗಕ್ಕೆ ಒಂದೇ ಸಾಲು ಹಾಕಿದರು. "ಗೆಳೆಯರೇ, ಇದು ಮಾರ್ಚ್ ಕೊನೆಯ ವಾರ ಎಂದು ತಿಳಿಯಿರಿ." ಅಂದು ಬೆಳಿಗ್ಗೆ ಅಲಕಾಬಾಯಿ ಎರಡು ಸಲ ಒತ್ತಿದರು.

ಹಬ್ಬ ಮುಗಿದ ಮೊದಲ ರವಿವಾರ. ಉತ್ಕರ್ಷ ಲ್ಯಾಪ್‌ಟಾಪ್ ಮುಂದೆ ಹಣೆಗೆ ಕೈಹಚ್ಚಿ ಕೂತಿದ್ದ. ನಾಶಿಕದಿಂದ ಬಂದಿದ್ದ ರುಚಿತಾ ಹಚ್ಚಿದ ಅವಲಕ್ಕಿಗೆ ಮೆಂತ್ಯದ ಹಿಟ್ಟು ಕಲಸುತ್ತಿದ್ದಳು. ಪ್ರಾಚಿ ಪೂಜೆಯಲ್ಲಿ ಅಜ್ಜಿಯ ತೊಡೆಯ ಮೇಲಿದ್ದಳು. ಆರತಿಯಾಯಿತು, ಮಗು ಎರಡೂ ಕೈಯಿಂದ ಆರತಿ ತೆಗೆದುಕೊಂಡಿತು, ಆಮೇಲೆ ಕೇಳದೆ ಅಜ್ಜಿಯ ಫೋನಿಗೆ ಕೈ ಚಾಚಿತು.

"ಆಜೀ, ಆತಾ ಪಪ್ಪಾನ್ನ ನಾ ದಾಬೂ?"

"ಒತ್ತವಾ, ನನ್ನ ಬಂಗಾರ. ಕೈ ಮುಗದು ಒತ್ತು."

ರುಚಿತಾ ಅಡಿಗೆಮನೆಯಿಂದ ಇಣುಕಿದಳು. "ಏನು ದಾಬತಿ ಅಕೀ?"

"ಪಪ್ಪಾ! ಆಜಿ ರೋಜ್ ದಾಬತೆ. ಮೊದಲ ದೇವಬಪ್ಪಾ, ಆಮ್ಯಾಲೆ ಪಪ್ಪಾ."

ರುಚಿತಾ ಹಿಟ್ಟಿನ ಕೈಯಲ್ಲೇ ಬಂದು ಫೋನು ನೋಡಿದಳು. ಅವಳ ಕಣ್ಣು ದೊಡ್ಡವಾದವು. "ಅತ್ತೀ, ನೀವು ದಿನಾ ಇದನ್ನ ಒತ್ತತೀರೇನು?"

ಇನ್ನು ಮುಚ್ಚಿಡುವುದೇಕೆ ಎಂದು ಅಲಕಾಬಾಯಿಗೆ ಅನ್ನಿಸಿತು. ತುಸು ಹೆಮ್ಮೆಯೂ ಇತ್ತು. "ನಾ ಒಬ್ಬಾಕೀನೇ ಅಲ್ಲವಾ. ನಿಮ್ಮ ಮಾವನ ಇಡೀ ಬ್ಯಾಂಕ್ ಒತ್ತತದ."

ಉತ್ಕರ್ಷ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ನರಹರಿರಾಯರು ಪೇಪರ್ ಕೆಳಗಿಳಿಸಿದರು. ಅವರ ಮುಖದಲ್ಲಿ, ಗುಟ್ಟಾಗಿ ಮಾಡಿದ ಉಪಕಾರ ಬಯಲಾದಾಗ ಬರುವ ಒಂದು ಸಂಕೋಚದ ನಗೆಯಿತ್ತು.

"ಯಾರ‍್ಯಾರು ಒತ್ತತಾರಪ್ಪಾ?" ಉತ್ಕರ್ಷ ಮೆಲ್ಲಗೆ ಕೇಳಿದ.

"ನಮ್ಮ ಬಳಗ ಎಲ್ಲಾ. ಇಲ್ಲಿಯವ್ರು, ನಾಶಿಕನವ್ರು, ಅವರ ಮನಿಯವ್ರು. ಇರಲಿ ಬಿಡು, ಉಪಕಾರ ಅಂತ ತಿಳಕೋಬ್ಯಾಡ."

"ಅಪ್ಪಾ, ಒಬ್ಬರು ಒಂದು ಸಲ ಒತ್ತಿದ್ರ ಕಂಪನಿಯವ್ರು ನನ್ನ ರೊಕ್ಕದಾಗ ಮೂವತ್ತು ನಲವತ್ತು ರೂಪಾಯಿ ಮುರಕೋತಾರ. ಒಂದೇ ಫೋನಿಂದ ಮ್ಯಾಲಿಂದಮ್ಯಾಲೆ ಒತ್ತಿದ್ರ ಬಿಟ್ಟಾರು, ಬ್ಯಾರೆ ಬ್ಯಾರೆ ಮನಿಯಿಂದ ಒತ್ತಿದ್ರ ಬಿಡಂಗಿಲ್ಲ. ದಿನದ ರೊಕ್ಕ ಮುಗದಕೂಡ್ಲೆ ನನ್ನ ಹೆಸರು ಮರುದಿನದ ತನಕ ಕಾಣಂಗಿಲ್ಲ." ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅಲಕಾಬಾಯಿಗೆ ಅನ್ನಿಸಿತು. "ನಿಮ್ಮ ಮಂದಿ ಏಳರೊಳಗ ನನ್ನ ಅಂಗಡಿ ಖಾಲಿ ಮಾಡ್ತಾರ. ಖರೇ ಮಾಳಿಗಿ ಸೋರೋರು ಎದ್ದು ಹುಡುಕೋದ್ರಾಗ ನಾ ಅಲ್ಲೆ ಇರೂದೇ ಇಲ್ಲ."

ನರಹರಿರಾಯರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಟೀಪಾಯಿ ಮೇಲಿಟ್ಟರು. ಎದ್ದು ಗ್ಯಾಲರಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ಕೂತರು. ಅಲಕಾಬಾಯಿಯ ಕೈಯಲ್ಲಿ ಆರತಿಯ ತಟ್ಟೆ ಹಾಗೇ ಇತ್ತು. ಎರಡು ತಿಂಗಳು ದೇವರ ಮುಂದೆ ಕೂತು ಮಗನ ಜೇಬಿಗೆ ಕತ್ತರಿ ಹಾಕಿದೆನಲ್ಲ ಎಂದುಕೊಂಡರು.

"ಅವ್ರು ಕೆಟ್ಟದ್ದು ಮಾಡ್ಲಿಕ್ಕೆ ಹೋಗಿದ್ದಿಲ್ಲೋ," ಎಂದರು.

"ಅದೇ ತ್ರಾಸ ಆಗ್ಯದವಾ. ಕೆಟ್ಟದ್ದು ಮಾಡಿದ್ರ ಜಗಳರೆ ತಗೀಬಹುದಿತ್ತು."

ಮೊದಲು ನಕ್ಕವಳು ರುಚಿತಾ. ಹಿಟ್ಟಿನ ಕೈಯ ಹಿಂಬದಿಯಿಂದ ಬಾಯಿ ಮುಚ್ಚಿಕೊಂಡಳು, ಆದರೂ ತಡೆಯಲಿಲ್ಲ. "ಎಲ್ಲಾ ಅಜ್ಜಾ ಮಂದಿ... ನಸುಕಿನ್ಯಾಗ ಅಲಾರ್ಮ್ ಹಚ್ಚಿ..." ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂದು ಅದು ಅಳುವಾಯಿತು. ವ್ಯಾನಿಲ್ಲದ ಆ ಮಳೆಯ ಮುಂಜಾವುಗಳೆಲ್ಲ ಒಮ್ಮೆಲೇ ನೆನಪಾಗಿರಬೇಕು. ಉತ್ಕರ್ಷ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟ. ತಾಯಿಯ ಎದುರಿಗೆ ಅವನು ಹಾಗೆ ಮಾಡಿದ್ದು ಮೊದಲ ಸಲ. ಅಲಕಾಬಾಯಿ ದೇವರ ಕಡೆ ತಿರುಗಿ ನಿಂತರು.

ಊಟಕ್ಕೆ ಕರೆದರೆ ರಾಯರು ಬರಲಿಲ್ಲ. ಉತ್ಕರ್ಷ ತಾನೇ ತಾಟು ಬಡಿಸಿಕೊಂಡು ಗ್ಯಾಲರಿಗೆ ಒಯ್ದ. ಅನ್ನ, ತೊವ್ವೆ, ಮೇಲೆ ತುಪ್ಪ, ಬದಿಗೆ ಅಪ್ಪನಿಗೆ ಸೇರುವ ನಿಂಬೆಕಾಯಿ ಉಪ್ಪಿನಕಾಯಿ.

"ಉಣ್ಣರಿ ಅಪ್ಪಾ."

"ನಿನ್ನ ಧಂದೆ ಮುಳುಗಿಸಿದೆ ನಾ."

"ಮೊದಲ ಉಣ್ಣರಿ."

"ಅವತ್ತು ನಿನ್ನ ಹೆಂಡ್ತಿ ಹೇಳ್ಲಿಕತ್ತಿದ್ದಳು. ನಾ ಎದ್ದು ಹೋದೆ."

"ನಾನೂ ಬೆನ್ನಹತ್ತಿ ಬಂದು ಹೇಳಬಹುದಿತ್ತು. ನನಗೂ ಸಿಟ್ಟು ಬಂದಿತ್ತು, ಬರಲಿಲ್ಲ." ಉತ್ಕರ್ಷ ಅನ್ನ ಕಲಸಿ ಅಪ್ಪನ ಮುಂದೆ ಹಿಡಿದ. "ಆದ್ರ ಅಪ್ಪಾ, ಇಷ್ಟು ಮಂದಿ ನನ್ನ ಸಂಬಂಧ ನಸುಕಿನ್ಯಾಗ ಏಳ್ತಾರ ಅಂತ ನನಗ ಗೊತ್ತಿದ್ದಿಲ್ಲ."

ರಾಯರು ಮಗನ ಕೈಯಿಂದ ತಾಟು ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಲಕಾಬಾಯಿ ಹಪ್ಪಳ ಕರಿಯಲು ಒಳಗೆ ಹೋದರು.

ಬಳಗಕ್ಕೆ ಹೇಳುವುದೇ ಕಷ್ಟವಾಯಿತು. ರಾಯರು ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಉತ್ಕರ್ಷನೇ ಫೋನು ಬಾಯಿಗೆ ಹಿಡಿದು ಮಾತಾಡಿ ಕಳಿಸಿದ. "ಕಾಕಾ ಮಂದಿಗೆಲ್ಲ ನಮಸ್ಕಾರರಿ. ನಿಮ್ಮ ಆಶೀರ್ವಾದ ನನಗ ಮುಟ್ಟೇದ. ನಾಳೆಯಿಂದ ಯಾರೂ ಒತ್ತಬ್ಯಾಡ್ರಿ, ಒತ್ತಿದ್ರ ನನ್ನ ರೊಕ್ಕ ಖರ್ಚಾಗ್ತದ. ತಪ್ಪು ನಂದು, ನಾ ಮೊದಲ ಹೇಳಬೇಕಿತ್ತು." ಮರುದಿನ ಬಳಗದಲ್ಲಿ ಒಂದೂ ಕೈಮುಗಿದ ಚಿತ್ರ ಬರಲಿಲ್ಲ. ಇಷ್ಟು ದಿನ ಬದುಕಿಗೊಂದು ಕೆಲಸ ಸಿಕ್ಕಿದ್ದ ಮುದುಕರಿಗೆಲ್ಲ ಮತ್ತೊಮ್ಮೆ ನಿವೃತ್ತಿಯಾದಂತಾಯಿತು.

ಮುಂದಿನ ಶನಿವಾರದ ರೈಲಿಗೆ ರುಚಿತಾ, ಪ್ರಾಚಿಯ ಜೊತೆ ಮಧುಕರರಾಯರೂ ಇಳಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಾಶಿಕದ ಚಿವಡಾ ಪೊಟ್ಟಣ. ಬಂದವರೇ ಕೂಡಲಿಲ್ಲ, ನೀರು ಕುಡಿಯಲಿಲ್ಲ.

"ಉತ್ಕರ್ಷ, ಲುಕ್ಸಾನು ಎಷ್ಟಾತು ಹೇಳು. ನಾಶಿಕದ್ದು ನನ್ನ ಮ್ಯಾಲೆ."

"ಕಾಕಾ, ಹಂಗೆಲ್ಲ ಅನಬ್ಯಾಡ್ರಿ. ಕೂಡ್ರಿ."

ಎಷ್ಟು ಹೇಳಿದರೂ ಉತ್ಕರ್ಷ ಒಪ್ಪಲಿಲ್ಲ. ರವಿವಾರ ಊಟ ಮುಗಿದದ್ದೇ ಮಧುಕರರಾಯರು ಚಪ್ಪಲಿ ಹುಡುಕತೊಡಗಿದರು.

"ಇಷ್ಟ್ಯಾಕ ಅವಸರ? ಸಂಜೀಕ ರುಚಿತಾನ ಕೂಡ ಹೋಗೀರಂತ," ಎಂದರು ಅಲಕಾಬಾಯಿ.

"ಇಲ್ಲ ವೈನೀ, ನಾಶಿಕನ್ಯಾಗ ಮಳಿ ಜೋರದ. ಬಕೀಟು ತುಂಬತಿರ್ತದ. ನಮ್ಮಾಕಿಗೆ ಸೊಂಟಾ ನೋಯ್ತದ, ಎತ್ತಿ ಚಲ್ಲಲಿಕ್ಕೆ ಆಗಂಗಿಲ್ಲ."

"ಯಾವ ಬಕೀಟು?"

"ಅದೇರಿ, ಮಲಗೋ ಖೋಲ್ಯಾಗ ಸೋರ್ತದಲ್ಲ. ಎರಡು ಮಳಿಗಾಲಾತು."

ಅಡಕೆ ಕತ್ತರಿಸುತ್ತಿದ್ದ ನರಹರಿರಾಯರ ಕೈ ನಿಂತಿತು. ಉತ್ಕರ್ಷ ಅವರ ಮುಖವನ್ನೇ ನೋಡಿದ.

ಅಲಕಾಬಾಯಿ ಸೊಂಟಕ್ಕೆ ಕೈಕೊಟ್ಟು ನಿಂತರು. "ಮಧುಕರರಾವ್, ನೀವು ದಿನಾ ಎದ್ದು ನನ್ನ ಮಗನ ಜಾಹೀರಾತು ಒತ್ತಿದ್ರಿ. ನಿಮ್ಮ ಮಾಳಿಗಿ ಸೋರ್ತದೇನು ಅಂತ ಅದರಾಗೇ ಬರದಿತ್ತಲ್ರಿ. ಒಂದು ಫೋನ್ ಮಾಡ್ಲಿಕ್ಕೆ ಏನಾಗಿತ್ತು?"

ಮಧುಕರರಾಯರು ಚಪ್ಪಲಿ ಕೈಯಲ್ಲೇ ಹಿಡಿದು ನಿಂತರು. "ಹೆಂಗ ಮಾಡಲಿ ವೈನೀ? ನರಹರಿ ಮಗ. ನನ್ನ ಕಡಿಂದ ರೊಕ್ಕ ತಗೋತಿದ್ದಿಲ್ಲ. ಹುಡುಗ ಮೊದಲೇ ಅಡಚಣ್ಯಾಗಿದ್ದಾನ, ಮ್ಯಾಲೆ ನನ್ನದೊಂದು ಭಾರ."

"ತಗೋತಿದ್ದಿಲ್ಲ, ಖರೇ," ಎಂದರು ನರಹರಿರಾಯರು. "ನಾನೇ ತಗೋಬ್ಯಾಡ ಅಂತಿದ್ದೆ."

"ಅದಕ್ಕೇ ನಮ್ಮ ಮಂದಿ ಬಕೀಟು ಇಟಗೊಂಡು ಕೂತಾರ," ಎಂದರು ಅಲಕಾಬಾಯಿ. ಇಷ್ಟು ವರ್ಷ ಆ ಮನೆಯಲ್ಲಿ ಸಾಲ, ಮಂಜೂರಿ, ಲೆಕ್ಕದ ಮಾತು ನಡೆದಾಗೆಲ್ಲ ಒಳಗೆ ರೊಟ್ಟಿ ತಟ್ಟುತ್ತಿದ್ದವರು ಅವರು. "ಉತ್ಕರ್ಷ, ನಾಳೆ ಇವರ ಮನೀಗೆ ಹೋಗು. ಊರ ಮಂದಿ ಕಡಿಂದ ಎಷ್ಟು ತಗೋತಿ ಅಷ್ಟೂ ತಗೋ. ಒಂದು ರೂಪಾಯಿ ಕಡಿಮಿ ಮಾಡಿದಿ ಅಂದ್ರ ನಾ ನಿನಗ ಊಟಕ್ಕ ಹಾಕಂಗಿಲ್ಲ. ನೀ ರೊಕ್ಕಾ ತಗೋತಿ ಅಂತ ಗೊತ್ತಾದ್ರೇ ಉಳದವ್ರೂ ಬಾಯಿ ಬಿಡ್ತಾರ."

ಎಲ್ಲರೂ ನರಹರಿರಾಯರ ಮುಖ ನೋಡಿದರು. ಅವರು ಅಡಕೆಯ ಚೂರು ಬಾಯಿಗೆ ಹಾಕಿಕೊಂಡು, "ಮಂಜೂರ್," ಎಂದರು.

ಅಲಕಾಬಾಯಿಯ ಮಾತು ಸುಳ್ಳಾಗಲಿಲ್ಲ. ಮಳೆಯಲ್ಲಿ ನೋಡಿ ಬರುವುದು, ಬಿಸಿಲು ಬಿದ್ದಾಗ ಕೆಲಸ ಮಾಡುವುದು ಈ ಧಂದೆಯ ರೀತಿ. ಮಧುಕರರಾಯರ ಮಾಳಿಗೆ ನೋಡಲು ಹೋದ ಉತ್ಕರ್ಷನನ್ನು ಅದೇ ಕಟ್ಟಡದವರು ತಮ್ಮ ಗೋಡೆಯ ಹಸಿ ತೋರಿಸಲು ಕರೆದರು. ನಾಶಿಕದ ಬಳಗದಲ್ಲಿ ಇನ್ನೂ ಮೂರು ಮನೆಗಳ ಬಕೀಟು ಹೊರಬಿದ್ದವು. ಒಬ್ಬರು ಮಾತ್ರ ಅರ್ಧ ಬೆಲೆಗೆ ಚೌಕಾಸಿ ಮಾಡಿ, ಆಗುವುದಿಲ್ಲವೆಂದಾಗ ಮುನಿಸಿಕೊಂಡು ಬಳಗದಿಂದಲೇ ಹೊರಹೋದರು.

ಜಾಹೀರಾತನ್ನು ಬಿಡಲಿಲ್ಲ. ಪರಿಚಯದವರ ಮಾಳಿಗೆ ಎಷ್ಟು ದಿನ ಸೋರೀತು? ರುಚಿತಾ ದಿನಕ್ಕೆ ಮುನ್ನೂರಕ್ಕಿಳಿಸಿದಳು. ಈಗ ಒತ್ತುವವರು ಕಡಿಮೆಯಾದರು, ಆದರೆ ಒತ್ತಿದವರು ಮಾತಾಡತೊಡಗಿದರು. ವಾರಕ್ಕೆ ನಾಲ್ಕೈದು ಖರೇ ಫೋನು ಬಂದವು, ಅದರಲ್ಲೊಂದೆರಡು ಕೆಲಸವಾದವು. ನರಹರಿರಾಯರಿಗೆ ಹುರುಪು ಬಂತು. ಒಂದು ಕೆಲಸ ಸಿಗಲು ಜಾಹೀರಾತಿಗೆ ಎಷ್ಟು ಬಿತ್ತು, ಆ ಕೆಲಸದಲ್ಲಿ ಎಷ್ಟು ಉಳಿಯಿತು ಎಂದು ಪ್ರತಿ ರವಿವಾರ ಊಟದಲ್ಲಿ ಕೇಳತೊಡಗಿದರು. ಒಂದು ರವಿವಾರ, "ಇದು ಲಾಭದ್ದದ. ಏರಿಸು, ಮತ್ತ ಎಂಟುನೂರು ಮಾಡು," ಎಂದೂ ಅಂದುಬಿಟ್ಟರು.

"ಬ್ಯಾಡ ಮಾವಾ," ಎಂದಳು ರುಚಿತಾ. "ಕೆಲಸಾ ಮಾಡೋ ಕೈ ನಾಕು. ಅವು ಮಾಡೂವಷ್ಟೇ ಗಿರಾಕಿ ಬರಲಿ. ಹತ್ತು ಮಂದೀನ ಕರದು ಆರು ಮಂದೀಗೆ ತಡಾ ಮಾಡಿದ್ರ ಹೆಸರು ಕೆಡ್ತದ. ಕೈ ಹೆಚ್ಚಾದಾಗ ರೊಕ್ಕ ಏರಿಸೋಣು."

ಈ ಸಲ ರಾಯರು ಏಳಲಿಲ್ಲ. ಕೊನೆಯ ತನಕ ಕೇಳಿದರು. ಮಜ್ಜಿಗೆ ಅನ್ನವಾದ ಮೇಲೆ, "ನೀ ನಮ್ಮ ಬ್ಯಾಂಕಿನ್ಯಾಗ ಇರಬೇಕಾಗಿತ್ತವಾ," ಎಂದರು.

ದಸರಾ ಬಂತು. ಉತ್ಕರ್ಷ ಶೇಂದ್ರಾದವರಿಗೆ ಬರುವುದಿಲ್ಲವೆಂದು ಹೇಳಿದ. ರುಚಿತಾ ರಾಜೀನಾಮೆಯ ಕಾಗದ ಹರಿದು ಹಾಕಿದಳು. ನಾಶಿಕದಲ್ಲಿ ಅವಳ ತವರಿಗೆ ಹತ್ತಿರವೇ ಎರಡು ಕೋಣೆಯ ಮನೆ ಸಿಕ್ಕಿತು. ಬನ್ನಿ ಕೊಟ್ಟು ಕಾಲಿಗೆ ಬಿದ್ದ ಮಗನನ್ನು ಅಲಕಾಬಾಯಿ ಎಬ್ಬಿಸಿ, ಬಂಗಾರದ ಹಾಗೆ ಇರು ಎಂದರು. ಮರುದಿನ ಚಟ್ನಿಪುಡಿ, ಜೋಳದ ಹಿಟ್ಟು, ಅವನ ಚುರಮುರಿ ಡಬ್ಬಿ ಕಟ್ಟಿಕೊಟ್ಟರು. ವರ್ಗವಾದಾಗಲೆಲ್ಲ ಸಂಸಾರ ಕಟ್ಟಿ ರೂಢಿಯಿದ್ದ ಕೈ ಅದು, ಆದರೂ ಡಬ್ಬಿಗೆ ಹಗ್ಗ ಬಿಗಿಯುವಾಗ ಗಂಟು ಎರಡು ಸಲ ಜಾರಿತು.

"ಅವ್ವಾ, ದಿನಾ ನೋಡಬೇಕನಿಸಿದ್ರ ನೋಡು. ಒತ್ತಬ್ಯಾಡ ಮತ್ತ," ಎಂದ ಉತ್ಕರ್ಷ, ಹೊರಡುವ ಮುಂಚೆ. "ಮಡಿಯಾಗದ ಅಂತ ತಿಳಕೋ."

"ಮಡಿ ಮ್ಹಣಜೇ?" ಪ್ರಾಚಿ ಕೇಳಿದಳು.

"ಕಣ್ಣಿಲೆ ನೋಡೋದು, ಮುಟ್ಟಂಗಿಲ್ಲ," ಎಂದರು ಅಜ್ಜಿ.

ಮೆಟ್ಟಿಲ ಮೇಲೆ ಕಮಲಾಬಾಯಿ ಸಿಕ್ಕರು. ಸೊಸೆ ತವರಿನಲ್ಲೇ ಇದ್ದಾಳೆಯೇ ಎಂದು ಅವರು ಕೇಳುವ ಮೊದಲೇ ಅಲಕಾಬಾಯಿ, ಮಗನೇ ನಾಶಿಕಕ್ಕೆ ಮನೆ ಮಾಡಿಕೊಂಡು ಹೋದ, ಬರುವ ಶನಿವಾರ ನಾವೇ ಹೋಗುತ್ತೇವೆ ಎಂದರು. ಕಮಲಾಬಾಯಿ ನಿಟ್ಟುಸಿರು ಬಿಡುವುದನ್ನೇ ಮರೆತರು.

ಮರುದಿನ ಬೆಳಿಗ್ಗೆ ಮನೆ ಬಹಳ ಸದ್ದಿಲ್ಲದೆ ಇತ್ತು. ಅಲಕಾಬಾಯಿ ಹೂವೇರಿಸಿದರು, ದೀಪ ಹಚ್ಚಿದರು, ಆರತಿ ಮಾಡಿದರು. ಕೈ ತಾನಾಗಿ ಫೋನಿಗೆ ಹೋಯಿತು. ಮಗನ ಹೆಸರು ಎಲ್ಲರಿಗಿಂತ ಮೇಲೆ ಬಂತು. ಬದಿಗೆ ಹೊಸ ಫೋಟೋ, ನಾಶಿಕದ ಯಾವುದೋ ಮಾಳಿಗೆಯ ಮೇಲೆ ಉತ್ಕರ್ಷ, ಅವನ ಕಾಲ ಹತ್ತಿರ ಬಣ್ಣದ ಬ್ರಶ್ ಹಿಡಿದು ನಿಂತ ಪ್ರಾಚಿ.

"ಅಲಕಾ," ಬಾಗಿಲಿನಿಂದ ರಾಯರ ದನಿ ಬಂತು.

"ಮುಟ್ಟಂಗಿಲ್ಲ ಬಿಡ್ರಿ. ನೋಡ್ಲಿಕತ್ತೀನಿ."

ರಾಯರು ಬಂದು ಮಣೆ ಎಳೆದುಕೊಂಡು ಪಕ್ಕಕ್ಕೆ ಕೂತರು, ಕನ್ನಡಕ ಸರಿಮಾಡಿಕೊಂಡು ತಾವೂ ಬಾಗಿದರು. ಸ್ವಲ್ಪ ಹೊತ್ತಿಗೆ ಫೋನಿನ ಬೆಳಕು ಮಂಕಾಗತೊಡಗಿತು, ಮಗ ಮೊಮ್ಮಗಳು ಇಬ್ಬರೂ ಕಪ್ಪಿನೊಳಗೆ ಹೋಗತೊಡಗಿದರು. ಅಲಕಾಬಾಯಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹೆಸರಿಗೆ ತಾಗದಂತೆ, ಕೆಳಗಿನ ಖಾಲಿ ಜಾಗವನ್ನು ಮೆಲ್ಲಗೆ ಮುಟ್ಟಿದರು. ಇಬ್ಬರ ಮುಖವೂ ಮತ್ತೆ ಬೆಳಗಿತು.